ಪಾಳಿಯೂ ಪರಾಕ್ರಮವೂ: ಪೋಲೀಸ್ ಬಡ್ತಿಯ ನಿಯಮಗಳು ಒಬ್ಬೊಬ್ಬರಿಗಾಗಿ ಸಡಿಲಿದ ಕಥೆ

ಕಳೆದ ದೀಪಾವಳಿಯ ಮಾರನೆಯ ದಿನ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಮೆಟ್ಟಿಲ ಬಳಿ ನಡೆದ ಒಂದು ಮಾತುಕತೆಯಿಂದ ಈ ಲೇಖನ ಹುಟ್ಟಿತು. ನಮ್ಮ ಕೆಳಗಿನ ಮನೆಯವರು ವಿಜಯಪುರದ ಕಡೆಯವರು; ಒಂದು ಪೋಲೀಸ್ ಪಡೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಸಂಘದ ರಾಜ್ಯೋತ್ಸವಕ್ಕೆ ಕುರ್ಚಿ ಹಾಕುವುದರಿಂದ ಹಿಡಿದು ಕೊನೆಗೆ ಪಾತ್ರೆ ಎಣಿಸಿ ಕೊಡುವವರೆಗೆ ಅವರಿಲ್ಲದೆ ನಡೆಯದು. ಸದಾ ನಗುವ ಮನುಷ್ಯ ಅಂದು ಸಪ್ಪಗಿದ್ದರು. ಕಾರಣ ಕೇಳಿದೆವು. ಅವರಿಗಿಂತ ಆರು ವರ್ಷ ಕಿರಿಯನೊಬ್ಬ ಸರದಿ ಬರುವ ಮೊದಲೇ ಬಡ್ತಿ ಪಡೆದು ಅವರಿಗೆ ಮೇಲಿನವನಾಗಿ ಬಂದಿದ್ದ.

‘ರಾಯರ, ಅವಗ ಕೊಟ್ಟಿದ್ದಕ್ಕ ನನಗ ಹೊಟ್ಟಿಕಿಚ್ಚು ಇಲ್ರೀ. ಅಂವ ಗುಂಡಿಗೆ ಎದಿ ಕೊಟ್ಟಾನ, ತಗೊಳ್ಳಿ. ಆದ್ರ ಹದಿನಾಲ್ಕು ವರ್ಷ ಪಾಳಿಯೊಳಗ ನಿಂತಾವ ನಾನು. ಅವಗ ಕೊಡೂದಕ್ಕ ನನ್ನ ಪಾಳಿ ಯಾಕ ಹಿಂದ ಹೋಗಬೇಕು?’ ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕುಳಿತು ನೇಮಕ, ಬಡ್ತಿ, ಜ್ಯೇಷ್ಠತೆಗಳ ಕಡತಗಳನ್ನು ಕಟ್ಟಿ ಬಿಚ್ಚಿದವರಾದರೂ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಯಾರೂ ನಮ್ಮ ಮುಂದೆ ಇಟ್ಟಿರಲಿಲ್ಲ. ನಾವು ಓದಿದ್ದು ಬಿ.ಎಸ್ಸಿ.; ಇತಿಹಾಸ ನಮ್ಮ ಕಸುಬಲ್ಲ. ಆದರೂ ಪೋಲೀಸ್ ಇಲಾಖೆಯಲ್ಲಿ ಅರ್ಹತೆಯ ನಿಯಮಗಳು ಹೇಗೆ ಬಂದವು, ಅವುಗಳಿಂದ ಒಬ್ಬಿಬ್ಬರಿಗೆ ವಿನಾಯಿತಿ ಕೊಡುವ ಪದ್ಧತಿ ಹೇಗೆ ಬೆಳೆಯಿತು ಎಂಬುದನ್ನು ಹುಡುಕತೊಡಗಿದೆವು. ಕಂಡುಕೊಂಡದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ನಮ್ಮ ಸಂಘದ ಎಷ್ಟೋ ಕುಟುಂಬಗಳಲ್ಲಿ ಸರ್ಕಾರಿ ನೌಕರರಿದ್ದಾರೆ. ಬಡ್ತಿಯೆಂಬುದು ಅವರಿಗೆ ಬರೀ ಸಂಬಳದ ಮಾತಲ್ಲ. ಮಗಳ ಮದುವೆಯ ಆಮಂತ್ರಣ ಪತ್ರದಲ್ಲಿ ಅಪ್ಪನ ಹೆಸರಿನ ಕೆಳಗೆ ಅಚ್ಚಾಗುವ ಮರ್ಯಾದೆಯ ಮಾತು.

ಮುಚ್ಚಿದ ಬಾಗಿಲು

ಇಂದಿನ ನಮ್ಮ ಪೋಲೀಸ್ ವ್ಯವಸ್ಥೆಗೆ ತಳಹದಿ 1861ರ ಪೋಲೀಸ್ ಕಾಯಿದೆ. 1857ರ ದಂಗೆಯ ಬಿಸಿ ಆರುವ ಮುನ್ನ ಬಂದ ಕಾಯಿದೆಯಿದು. ಯಾರು ಯಾವ ಪರೀಕ್ಷೆ ಮಾಡಿದರೆ ಯಾವ ಹುದ್ದೆಗೆ ಏರಬಹುದೆಂಬ ವಿವರಕ್ಕೆ ಅದು ಹೋಗಲಿಲ್ಲ. ಆ ಅಧಿಕಾರವೆಲ್ಲ ಮೇಲಧಿಕಾರಿಗಳ ಕೈಯಲ್ಲಿ ಉಳಿಯಿತು. ನಿಯಮವೇ ಗಟ್ಟಿಯಾಗಿಲ್ಲದ ಕಡೆ ವಿನಾಯಿತಿಯ ಪ್ರಶ್ನೆ ಏಳುವುದಿಲ್ಲ. ಸಾಹೇಬರ ಮನಸ್ಸಿಗೆ ಬಂದವನು ಮೇಲೇರಿದ, ಬಾರದವನು ಕೆಳಗೇ ಉಳಿದ.

1893ರಲ್ಲಿ ಮೇಲಿನ ಹುದ್ದೆಗಳಿಗಾಗಿ ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ ಆರಂಭವಾಯಿತು. ಯೋಗ್ಯತೆಗೆ ಬೆಲೆ ಬಂತೆಂದು ಸಂತೋಷಪಡುವಂತಿರಲಿಲ್ಲ. ಆ ಪರೀಕ್ಷೆ ಯುರೋಪಿಯನ್ನರಿಗೆ ಮಾತ್ರ. ಭಾರತೀಯನು ಎಷ್ಟು ಬುದ್ಧಿವಂತನಾದರೂ, ಎಷ್ಟು ಕಳ್ಳರನ್ನು ಹಿಡಿದವನಾದರೂ, ಪರೀಕ್ಷೆಯ ಕೋಣೆಯ ಹೊಸ್ತಿಲನ್ನೇ ತುಳಿಯುವಂತಿರಲಿಲ್ಲ.

1902ರಲ್ಲಿ ಲಾರ್ಡ್ ಕರ್ಜನ್ ಪೋಲೀಸ್ ಆಯೋಗವೊಂದನ್ನು ನೇಮಿಸಿದ. ಸರ್ ಆಂಡ್ರೂ ಫ್ರೇಸರ್ ಅದರ ಅಧ್ಯಕ್ಷ. 1905ರಲ್ಲಿ ಪ್ರಕಟವಾದ ಅದರ ವರದಿ ಪೋಲೀಸರ ಬಗ್ಗೆ ಬಹಳ ಕಟುವಾದ ಮಾತುಗಳನ್ನಾಡಿದೆ. ಪೋಲೀಸರಿಗೆ ತರಬೇತಿ ಸಾಲದು, ಮೇಲ್ವಿಚಾರಣೆ ಸಾಲದು, ಲಂಚಕೋರರು, ದಬ್ಬಾಳಿಕೆಯವರು ಎಂಬ ಹೆಸರಿದೆ, ಜನರ ವಿಶ್ವಾಸ ಅವರಿಗಿಲ್ಲ ಎಂಬುದು ಅದರ ಸಾರ. ರೋಗ ಗುರುತಿಸಿದ ವೈದ್ಯರು ಕೊಟ್ಟ ಔಷಧ ಯಾವುದು? ಠಾಣೆಯ ಮುಖ್ಯಸ್ಥನಾದ ಸಬ್ ಇನ್‌ಸ್ಪೆಕ್ಟರನನ್ನು ಓದುಬರಹ ಬಲ್ಲ ಕುಟುಂಬಗಳಿಂದ ನೇರವಾಗಿ ಆರಿಸಬೇಕು. ಪೇದೆಯಾಗಿ ಸೇರಿದವನು ಆ ಹುದ್ದೆಗೆ ಏರುವುದು ವಿರಳವಾಗಿರಬೇಕು. ಭಾರತೀಯರಿಗಾಗಿ ಡೆಪ್ಯುಟಿ ಸೂಪರಿಂಟೆಂಡೆಂಟ್ ಎಂಬ ಹೊಸ ಮೆಟ್ಟಿಲನ್ನು ಕಟ್ಟಬೇಕು. ಅದರ ಮೇಲಿನ ಮೆಟ್ಟಿಲುಗಳು ಲಂಡನ್ನಿನಿಂದ ಬಂದವರಿಗೆ.

ಹೀಗೆ ಒಂದೇ ಇಲಾಖೆಯಲ್ಲಿ ಮೂರು ಮಹಡಿಗಳಾದವು. ಕೆಳಗೆ ಪೇದೆ, ನಡುವೆ ಸಬ್ ಇನ್‌ಸ್ಪೆಕ್ಟರು, ಮೇಲೆ ಸೂಪರಿಂಟೆಂಡೆಂಟ್ ಸಾಹೇಬ. ಒಂದು ಮಹಡಿಯಿಂದ ಇನ್ನೊಂದಕ್ಕೆ ಮೆಟ್ಟಿಲುಗಳು ಬಹಳ ಕಿರಿದು. ಇಂದಿಗೂ ನಮ್ಮ ದೇಶದಲ್ಲಿ ಪೇದೆಯಾಗಿ ಸೇರಿದ ಬಹುಮಂದಿ ಒಂದೆರಡು ಬಡ್ತಿಯಲ್ಲೇ ನಿವೃತ್ತರಾಗುವುದಕ್ಕೆ ಬೇರು ಇಲ್ಲಿದೆ. ನಮ್ಮ ಕೆಳಗಿನ ಮನೆಯವರ ಹದಿನಾಲ್ಕು ವರ್ಷಗಳ ಪಾಳಿಯೂ ಆ ಕಿರಿದಾದ ಮೆಟ್ಟಿಲಿನ ಬುಡದಲ್ಲೇ ನಿಂತದ್ದು.

ಭಾರತೀಯರಿಗೆ ಈ ಮೇಲಿನ ಸೇವೆಯ ಬಾಗಿಲು ತೆರೆದದ್ದು 1920ರಲ್ಲಿ. ಮರುವರ್ಷ ಇಂಗ್ಲೆಂಡಿನಲ್ಲೂ ಭಾರತದಲ್ಲೂ ಪರೀಕ್ಷೆಗಳು ನಡೆದವು. 1924ರ ಲೀ ಆಯೋಗವು ನೂರಕ್ಕೆ 20 ಸ್ಥಾನಗಳನ್ನು ಪ್ರಾಂತೀಯ ಸೇವೆಯವರ ಬಡ್ತಿಗೆ ಮೀಸಲಿಡಲು ಶಿಫಾರಸು ಮಾಡಿತು. ಕೆಳಗಿನಿಂದ ಬಂದವನಿಗೂ ಹಕ್ಕಿನ ಒಂದು ಪಾಲಿದೆಯೆಂಬ ಮಾತು ಹೀಗೆ ಕಾಗದಕ್ಕೆ ಬಂತು.

ಬಿಳಿ ಬಟ್ಟೆಯವನು ಡೆಪ್ಯುಟಿ ಕಮಿಷನರ್ ಆದದ್ದು

ನಾವು ಕೆಲಕಾಲ ಮುಂಬಯಿಯ ಕಚೇರಿಯಲ್ಲಿದ್ದೆವು. ಧೋಬಿ ತಲಾವಿನ ಮೆಟ್ರೋ ಸಿನಿಮಾದ ಹತ್ತಿರ ಒಂದು ಪ್ರತಿಮೆಯಿದೆ. ಬಸ್ಸಿಗೆ ಕಾಯುವಾಗ ಅದನ್ನು ದಿನವೂ ನೋಡುತ್ತಿದ್ದೆವೇ ಹೊರತು ಯಾರದೆಂದು ವಿಚಾರಿಸಿರಲಿಲ್ಲ. ಆಮೇಲೆ ತಿಳಿಯಿತು, ಅದು ಖಾನ್ ಬಹಾದ್ದೂರ್ ಕಾವಸಜಿ ಜಮ್‌ಶೆಡ್‌ಜಿ ಪೇಟಿಗಾರಾ ಅವರದು ಎಂದು.

ಪೇಟಿಗಾರಾ ಅವರು ಸೂರತ್ ಕಡೆಯ ಪಾರ್ಸಿ. ಮುಂಬಯಿ ಪೋಲೀಸಿನಲ್ಲಿ ಅವರ ಆರಂಭ ‘ಸಫೇದ್‌ವಾಲಾ’ ಆಗಿ. ಎಂದರೆ ಸಮವಸ್ತ್ರವಿಲ್ಲದೆ ಸಾದಾ ಬಿಳಿ ಬಟ್ಟೆಯಲ್ಲಿ ಓಡಾಡಿ ಸುದ್ದಿ ತಂದುಕೊಡುವವನಾಗಿ. ಇಲಾಖೆಯ ಏಣಿಯಲ್ಲಿ ಇದಕ್ಕಿಂತ ಕೆಳಗಿನ ಮೆಟ್ಟಿಲಿರಲಿಲ್ಲವೆಂದೇ ಹೇಳಬೇಕು. ಅಲ್ಲಿಂದ ಒಂದೊಂದಾಗಿ ಏರಿ 1928ರಲ್ಲಿ ಅವರು ಸಿ.ಐ.ಡಿ.ಯ ಡೆಪ್ಯುಟಿ ಕಮಿಷನರ್ ಆದರು. ಮುಂಬಯಿಯಲ್ಲಿ ಆ ಹುದ್ದೆಗೇರಿದ ಮೊದಲ ಭಾರತೀಯ ಅವರೇ. ಲಂಡನ್ನಿನ ಪರೀಕ್ಷೆಯಿಲ್ಲ, ಆ ಮೇಲಿನ ಸೇವೆಗೆ ನೇರ ಪ್ರವೇಶವಿಲ್ಲ. ಆದರೂ ಆ ಕುರ್ಚಿ. ಒಬ್ಬ ವ್ಯಕ್ತಿಗಾಗಿ ರೂಢಿಯ ಕಟ್ಟು ಸಡಿಲವಾದದ್ದಕ್ಕೆ ಇದಕ್ಕಿಂತ ಎದ್ದು ಕಾಣುವ ಉದಾಹರಣೆ ನಮಗೆ ಸಿಕ್ಕಿಲ್ಲ.

ಆದರೆ ಈ ಬಡ್ತಿಗೆ ಇನ್ನೊಂದು ಮುಖವೂ ಇದೆ. ಆ ಕಾಲದ ಸಿ.ಐ.ಡಿ.ಯ ಮುಖ್ಯ ಕೆಲಸಗಳಲ್ಲಿ ರಾಷ್ಟ್ರೀಯ ಚಳವಳಿಯ ಮೇಲೆ ಕಣ್ಣಿಡುವುದೂ ಒಂದಾಗಿತ್ತು. ಮುಂಬಯಿಯ ಗಲ್ಲಿಗಳನ್ನು, ಅಲ್ಲಿನ ಭಾಷೆಗಳನ್ನು ಬಲ್ಲ ಸ್ಥಳೀಯನೊಬ್ಬ ಸರ್ಕಾರಕ್ಕೆ ಬೇಕಿತ್ತು. ಪೇಟಿಗಾರಾ ಅವರ ಜಾಣತನ, ನಿಷ್ಠೆ ಎರಡೂ ನಿಜವೇ ಇರಬಹುದು. ಸಡಿಲಿಕೆ ಮಾತ್ರ ಕೊಟ್ಟವರ ಅಗತ್ಯಕ್ಕಾಗಿ ಬಂದದ್ದು. ಅವರ ಹಿಂದೆ ನಿಂತಿದ್ದ ನೂರಾರು ಭಾರತೀಯ ಜಮಾದಾರರಿಗೂ ಇನ್‌ಸ್ಪೆಕ್ಟರುಗಳಿಗೂ ಅದರಿಂದ ಬಾಗಿಲು ತೆರೆಯಲಿಲ್ಲ. ಒಬ್ಬ ಒಳಗೆ ಹೋದ. ಬಾಗಿಲು ಮತ್ತೆ ಮುಚ್ಚಿಕೊಂಡಿತು. ಮುಂಬಯಿಗೆ ಭಾರತೀಯ ಪೋಲೀಸ್ ಕಮಿಷನರ್ ಬಂದದ್ದು 1947ರ ಆಗಸ್ಟ್ 15ರಂದು, ಜೆ.ಎಸ್. ಭರೂಚಾ ಅವರು ಅಧಿಕಾರ ವಹಿಸಿಕೊಂಡಾಗ. ಅಷ್ಟು ಹೊತ್ತಿಗೆ ದೇಶದ ಬಾಗಿಲೇ ತೆರೆದಿತ್ತು.

ಒಬ್ಬನಿಗೋ, ಒಂದು ವರ್ಗಕ್ಕೋ?

ಇಲ್ಲಿ ನಮ್ಮ ನಾಡಿನ ಒಂದು ಸಂಗತಿಯನ್ನು ನೆನೆಯಬೇಕು. ಅದು ಪೋಲೀಸಿಗೆ ಮಾತ್ರ ಸೇರಿದ್ದಲ್ಲ, ಇಡೀ ಸರ್ಕಾರಿ ಸೇವೆಗೆ ಸೇರಿದ್ದು. ಆದರೆ ನಮ್ಮ ವಿಷಯದ ಗಂಟು ಬಿಡಿಸಲು ಸಹಾಯಕ.

ಮೈಸೂರು ಸಂಸ್ಥಾನದಲ್ಲಿ ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1891ರಲ್ಲಿ, ಸಿವಿಲ್ ಸರ್ವಿಸ್ ಪರೀಕ್ಷೆ ಬಂತು. ಪರೀಕ್ಷೆಯೆಂಬುದು ಎಲ್ಲರಿಗೂ ಒಂದೇ ಅಳತೆಗೋಲು ಎಂಬುದು ಸರಿಯೇ. ಆದರೆ ಶಾಲೆಯ ಮೆಟ್ಟಿಲನ್ನೇ ಹತ್ತಲಾಗದ ಸಮುದಾಯಗಳಿಗೆ ಆ ಅಳತೆಗೋಲು ಕೈಗೆ ಎಟುಕುವುದಾದರೂ ಹೇಗೆ? 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಹಿಂದುಳಿದವರಿಗೆ ಸಿಗಬೇಕೆಂದು 1919ರಲ್ಲಿ ಅದು ಹೇಳಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅವರು ಹುದ್ದೆ ಬಿಟ್ಟ ಕಾರಣಗಳಲ್ಲಿ ಇದೂ ಒಂದು.

ಆ ವಾದದ ಸರಿ ತಪ್ಪುಗಳಿಗೆ ನಾವು ಇಲ್ಲಿ ಇಳಿಯುವುದಿಲ್ಲ. ನಮಗೆ ಬೇಕಾದದ್ದು ಎರಡು ಬಗೆಯ ಸಡಿಲಿಕೆಗಳ ನಡುವಿನ ವ್ಯತ್ಯಾಸ. ಪೇಟಿಗಾರಾ ಅವರಿಗೆ ಸಿಕ್ಕದ್ದು ಒಬ್ಬನಿಗೆ ಸಿಕ್ಕ ಸಡಿಲಿಕೆ. ಮಿಲ್ಲರ್ ಸಮಿತಿ ಕೇಳಿದ್ದು ಒಂದು ವರ್ಗಕ್ಕೆ. ಮೊದಲನೆಯದರಲ್ಲಿ ನಿಯಮ ತನ್ನ ಜಾಗದಲ್ಲೇ ಇರುತ್ತದೆ, ಒಬ್ಬ ಅದನ್ನು ದಾಟಿ ಹೋಗುತ್ತಾನೆ. ಎರಡನೆಯದರಲ್ಲಿ ನಿಯಮವೇ ಬದಲಾಗುತ್ತದೆ; ಆ ವರ್ಗಕ್ಕೆ ಸೇರಿದ ಯಾರೇ ಆಗಲಿ ಹಕ್ಕಿನಿಂದ ಕೇಳಬಹುದು. ಸ್ವತಂತ್ರ ಭಾರತ ತನ್ನ ಸೇವಾ ನಿಯಮಗಳನ್ನು ಬರೆಯುವಾಗ ಈ ಎರಡರ ನಡುವೆಯೇ ದಾರಿ ಹುಡುಕಬೇಕಾಯಿತು.

ಕಚೇರಿಯ ಭಾಷೆಯಲ್ಲಿ ಅಡಗಿದ ಕೀಲಿಕೈ

ಕೇಂದ್ರ ಸರ್ಕಾರದ ಯಾವ ಹುದ್ದೆಯ ನೇಮಕಾತಿ ನಿಯಮವನ್ನಾದರೂ ತೆರೆದು ನೋಡಿ, ಕೊನೆಯ ಕಡೆಯಲ್ಲಿ ಒಂದು ಕಲಮು ಇರುತ್ತದೆ. ನಮ್ಮಂಥ ಗುಮಾಸ್ತೆಗಳಿಗೆ ಅದು ನಿದ್ದೆಯಲ್ಲೂ ಬಾಯಿಪಾಠ. ಅವಶ್ಯವೆಂದೋ ಉಚಿತವೆಂದೋ ಕಂಡಾಗ, ಕಾರಣಗಳನ್ನು ಲಿಖಿತವಾಗಿ ದಾಖಲಿಸಿ, ಅಗತ್ಯವಿದ್ದಲ್ಲಿ ಲೋಕಸೇವಾ ಆಯೋಗದೊಡನೆ ಸಮಾಲೋಚಿಸಿ, ‘ಯಾವುದೇ ವರ್ಗ ಅಥವಾ ಗುಂಪಿನ ವ್ಯಕ್ತಿಗಳ’ ವಿಷಯದಲ್ಲಿ ಈ ನಿಯಮಗಳನ್ನು ಸರ್ಕಾರ ಸಡಿಲಿಸಬಹುದು ಎಂಬುದು ಅದರ ತಾತ್ಪರ್ಯ. ಗಮನಿಸಿ: ‘ಒಬ್ಬ ವ್ಯಕ್ತಿ’ ಎಂದಿಲ್ಲ, ‘ವರ್ಗ ಅಥವಾ ಗುಂಪು’ ಎಂದಿದೆ. ಮಂತ್ರಿಗಳ ಅಳಿಯನೊಬ್ಬನಿಗಾಗಿ ನಿಯಮ ಬಗ್ಗದಿರಲೆಂಬ ಎಚ್ಚರ ಆ ಎರಡು ಪದಗಳಲ್ಲಿದೆ.

ಐ.ಪಿ.ಎಸ್. ಮುಂತಾದ ಅಖಿಲ ಭಾರತ ಸೇವೆಗಳಿಗೆ ಬೇರೆ ದಾರಿ. 1955ರ ಬಡ್ತಿ ನಿಯಮಾವಳಿಯಂತೆ ರಾಜ್ಯದ ಪೋಲೀಸ್ ಅಧಿಕಾರಿ ಐ.ಪಿ.ಎಸ್.ಗೆ ಏರಬೇಕಾದರೆ ಡೆಪ್ಯುಟಿ ಸೂಪರಿಂಟೆಂಡೆಂಟ್ ದರ್ಜೆಯಲ್ಲಿ 8 ವರ್ಷಗಳ ಸೇವೆ ಬೇಕು, ವಯಸ್ಸಿನ ಮಿತಿ ಬೇಕು, ಲೋಕಸೇವಾ ಆಯೋಗದವರ ಅಧ್ಯಕ್ಷತೆಯ ಸಮಿತಿ ಒಪ್ಪಬೇಕು. ಇಷ್ಟೆಲ್ಲ ಬಿಗಿಯ ನಡುವೆ 1960ರ ಇನ್ನೊಂದು ನಿಯಮ ಒಂದು ಸಣ್ಣ ಕಿಟಕಿಯನ್ನು ಇಟ್ಟಿತು. ಯಾವುದೇ ‘ನಿರ್ದಿಷ್ಟ ಪ್ರಕರಣದಲ್ಲಿ’ ನಿಯಮದಿಂದ ಅನುಚಿತ ಕಷ್ಟವಾಗುತ್ತಿದೆಯೆಂದು ಕೇಂದ್ರಕ್ಕೆ ಮನವರಿಕೆಯಾದರೆ, ನ್ಯಾಯವೂ ಸಮವೂ ಆಗುವಂತೆ ಅದನ್ನು ಸಡಿಲಿಸಬಹುದು. ಇಲ್ಲಿ ಒಬ್ಬನಿಗೂ ಜಾಗವಿದೆ. ಆದರೆ ಕಾರಣ ಅವನ ಕಷ್ಟವಾಗಿರಬೇಕು, ಕೊಡುವವರ ಒಲವಲ್ಲ.

ಮನೆಯ ಪ್ರೆಷರ್ ಕುಕ್ಕರನ್ನು ನೋಡಿ. ಮುಚ್ಚಳ ಬಿಗಿಯಾಗಿರಬೇಕು, ಇಲ್ಲದಿದ್ದರೆ ಬೇಳೆ ಬೇಯುವುದಿಲ್ಲ. ಒತ್ತಡ ಮಿತಿಮೀರಿದಾಗ ಆವಿ ಹೊರಹೋಗಲು ವಾಲ್ವ್ ಇರಬೇಕು, ಇಲ್ಲದಿದ್ದರೆ ಕುಕ್ಕರೇ ಸಿಡಿಯುತ್ತದೆ. ಆದರೆ ಆ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯಬೇಕೆಂಬುದು ಅಡಿಗೆಯವರ ಇಷ್ಟಕ್ಕೆ ಬಿಟ್ಟದ್ದಲ್ಲ, ಮೊದಲೇ ನಿಗದಿಯಾಗಿರುತ್ತದೆ.

ಚಿನ್ನದ ಗಣಿಯ ಒಂದು ತೀರ್ಪು

ವಾಲ್ವನ್ನು ಇಷ್ಟಬಂದಂತೆ ತೆರೆದರೆ ಏನಾಗುವುದೆಂಬುದಕ್ಕೆ ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದ್ದೇ ಒಂದು ಮೊಕದ್ದಮೆ ಇದೆ. ಅಲ್ಲಿನ ಊರಿಗಾಂನ ಗಣಿಗಾರಿಕೆ ಶಾಲೆಯ ಪ್ರಿನ್ಸಿಪಾಲರ ನೇಮಕದ ಬಗ್ಗೆ ತಕರಾರು ಬಂದಾಗ, ಅಂದಿನ ಮೈಸೂರು ಸರ್ಕಾರ 1967ರಲ್ಲಿ ಒಂದು ವಿಶೇಷ ನಿಯಮವನ್ನೇ ಮಾಡಿತು. ಬೇರೆ ನಿಯಮಗಳಲ್ಲಿ ಏನೇ ಇರಲಿ, ಹೆಸರಿಸಿದ ಆ ಒಬ್ಬರು ಹಿಂದಿನ ತಾರೀಖಿನಿಂದಲೇ ಕ್ರಮಬದ್ಧವಾಗಿ ನೇಮಕವಾದವರೆಂದು ಭಾವಿಸತಕ್ಕದ್ದು ಎಂಬುದು ಆ ನಿಯಮದ ಸಾರ. ಒಬ್ಬ ಮನುಷ್ಯನ ಹೆಸರೇ ನಿಯಮವಾಯಿತು!

ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1970ರ ದಶಕದ ಆರಂಭದಲ್ಲಿ ಬಂದ ತೀರ್ಪು ಆ ನಿಯಮವನ್ನು ಎತ್ತಿಹಿಡಿಯಲಿಲ್ಲ. ಕ್ರಮಬದ್ಧಗೊಳಿಸುವುದೆಂಬುದು ನೇಮಕಾತಿಯ ಒಂದು ವಿಧಾನವಲ್ಲ; ಒಬ್ಬನಿಗಾಗಿ ನಿಯಮ ಬರೆದರೆ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ ಎಂಬ ತತ್ತ್ವ ಅದರಿಂದ ನೆಲೆಯಾಯಿತು. ಇಂದಿಗೂ ದೇಶದ ಯಾವ ಮೂಲೆಯಲ್ಲಿ ಸೇವಾ ಮೊಕದ್ದಮೆ ನಡೆದರೂ ವಕೀಲರು ಈ ತೀರ್ಪನ್ನು ಉದಾಹರಿಸುತ್ತಾರೆ. ಅದು ಪೋಲೀಸರದ್ದಲ್ಲವಾದರೂ ಪೋಲೀಸರಿಗೂ ಅನ್ವಯಿಸುವ ಮಾತು.

ಪೋಲೀಸರದ್ದೇ ಆದ ತೀರ್ಪುಗಳೂ ಇವೆ. 1967ರಲ್ಲಿ ರಾಜಸ್ಥಾನದ ಐ.ಪಿ.ಎಸ್. ಅಧಿಕಾರಿಯೊಬ್ಬರು, ಪಟ್ಟಿಯಲ್ಲಿ ತಾವು ಹಿರಿಯರಾಗಿದ್ದೂ ಕಿರಿಯರಿಗೆ ಮೇಲಿನ ಹುದ್ದೆ ಸಿಕ್ಕಿತೆಂದು ಸುಪ್ರೀಂ ಕೋರ್ಟಿನ ಕಟ್ಟೆ ಹತ್ತಿದರು. ಆಯ್ಕೆಯ ಹುದ್ದೆಗಳಲ್ಲಿ ಬರೀ ಹಿರಿತನವೇ ಹಕ್ಕಾಗದು, ಯೋಗ್ಯತೆಯನ್ನೂ ನೋಡಬೇಕು, ನಿಯಮ ಮೌನವಾಗಿರುವ ಕಡೆ ಸರ್ಕಾರ ಸೂಚನೆಗಳಿಂದ ಆ ತೆರಪನ್ನು ತುಂಬಬಹುದು ಎಂದು ನ್ಯಾಯಾಲಯ ಹೇಳಿತು. 1997ರಲ್ಲಿ ಪಂಜಾಬ್ ಪೋಲೀಸ್ ಸೇವೆಯ ಇನ್ನೊಂದು ಪ್ರಕರಣದಲ್ಲಿ, ಸಡಿಲಿಕೆಯ ಅಧಿಕಾರವನ್ನು ಉದಾರವಾಗಿಯೇ ಓದಬೇಕು, ಕಷ್ಟ ಪರಿಹಾರಕ್ಕೂ ವಿಶೇಷ ಸಂದರ್ಭಕ್ಕೂ ಅದು ಬೇಕು, ಆದರೆ ಮನಸೋ ಇಚ್ಛೆ ಬಳಸದಂತೆ ಕಾಯಬೇಕು ಎಂದಿತು. ಅಂತೂ ಪಾಳಿಗೂ ಪೂರ್ಣ ಗೆಲುವಿಲ್ಲ, ಒಲವಿಗೂ ಪೂರ್ಣ ಗೆಲುವಿಲ್ಲ.

ದೆಹಲಿಯ ಹತ್ತೊಂಬತ್ತನೆಯ ನಿಯಮ

ಈಗ ನಮ್ಮ ನೆರೆಯವರ ಪ್ರಶ್ನೆಗೆ ಹತ್ತಿರ ಬರೋಣ. ಅದಕ್ಕೆ ಮೊದಲು ಪೇದೆಯ ಏಣಿಯ ಪರಿಚಯ ಬೇಕು.

ದೆಹಲಿಯಲ್ಲಿ ಬಹುಕಾಲ ನಡೆದದ್ದು 1934ರ ಪಂಜಾಬ್ ಪೋಲೀಸ್ ನಿಯಮಗಳು. ಅವುಗಳಲ್ಲಿ ಎ, ಬಿ, ಸಿ, ಡಿ, ಇ, ಎಫ್ ಎಂದು ಪಟ್ಟಿಗಳು. ಪೇದೆಯ ಹೆಸರು ಬಿ ಪಟ್ಟಿಗೆ ಬಂದರೆ ಅವನನ್ನು ‘ಲೋಯರ್ ಸ್ಕೂಲ್ ಕೋರ್ಸ್’ ಎಂಬ ತರಬೇತಿಗೆ ಕಳಿಸುತ್ತಾರೆ. ಅದರಲ್ಲಿ ತೇರ್ಗಡೆಯಾಗಿ ಸಿ ಪಟ್ಟಿಗೆ ಏರಿದರೆ ಹೆಡ್ ಕಾನ್‌ಸ್ಟೇಬಲ್ ಆಗಬಹುದು. ಅಲ್ಲಿಂದ ಡಿ ಪಟ್ಟಿಗೆ ಇನ್ನೊಂದು ತರಬೇತಿ. ಆಗ ಅಸಿಸ್ಟೆಂಟ್ ಸಬ್ ಇನ್‌ಸ್ಪೆಕ್ಟರ್. ಇ ಪಟ್ಟಿ ಸಬ್ ಇನ್‌ಸ್ಪೆಕ್ಟರಿಗೆ, ಎಫ್ ಪಟ್ಟಿ ಇನ್‌ಸ್ಪೆಕ್ಟರಿಗೆ. ಹೊರಗಿನವರಿಗೆ ಇವು ಬರೀ ಅಕ್ಷರಗಳು. ಆ ಇಲಾಖೆಯ ಕುಟುಂಬಗಳಲ್ಲಿ ‘ಸಿ ಲಿಸ್ಟ್ ಬಂತಾ?’ ಎಂಬುದು ‘ಊರಲ್ಲಿ ಮಳೆ ಬಂತಾ?’ ಎಂಬಷ್ಟೇ ಆತಂಕದ ಪ್ರಶ್ನೆ.

1978ರ ದೆಹಲಿ ಪೋಲೀಸ್ ಕಾಯಿದೆ ಬಂದ ಮೇಲೆ ದೆಹಲಿಗೆ ತನ್ನದೇ ಆದ ಬಡ್ತಿ ಮತ್ತು ಕಾಯಮಾತಿ ನಿಯಮಗಳು 1980ರಲ್ಲಿ ಬಂದವು. ಅವುಗಳಲ್ಲಿ 19ನೆಯ ನಿಯಮದ ಎರಡನೆಯ ಭಾಗ ನಮ್ಮ ವಿಷಯಕ್ಕೆ ಹೃದಯದಂತಿದೆ. ಅಪೂರ್ವ ಧೈರ್ಯ, ಕರ್ತವ್ಯನಿಷ್ಠೆ ತೋರಿದವರನ್ನು, ಉತ್ತಮ ಕ್ರೀಡಾಪಟುಗಳನ್ನು, ಗುರಿಕಾರರನ್ನು ಸರದಿ ಬರುವ ಮುನ್ನವೇ ಮುಂದಿನ ದರ್ಜೆಗೆ ಏರಿಸಬಹುದು ಎನ್ನುತ್ತದೆ ಅದು. ಆದರೆ ಅದರ ಸುತ್ತ ಕಟ್ಟಿದ ಬೇಲಿಯನ್ನು ನೋಡಿ.

ಮೊದಲನೆಯದು, ಪೋಲೀಸ್ ಕಮಿಷನರ್ ಒಬ್ಬರೇ ಕೊಡುವಂತಿಲ್ಲ. ಆಡಳಿತಾಧಿಕಾರಿಯ ಪೂರ್ವಾನುಮತಿ ಬೇಕು. ಎರಡನೆಯದು, ಹುದ್ದೆ ಖಾಲಿ ಇರಬೇಕು. ಇಂಥ ಬಡ್ತಿಗಳು ಆ ವರ್ಷ ಆ ದರ್ಜೆಯಲ್ಲಿ ಖಾಲಿಯಾಗುವ ಸ್ಥಾನಗಳ ನೂರಕ್ಕೆ 5ನ್ನು ಮೀರಬಾರದು. ಮೂರನೆಯದು, ಬಡ್ತಿ ತಾತ್ಕಾಲಿಕ. ಆ ದರ್ಜೆಗೆ ಬೇಕಾದ ತರಬೇತಿಯೇನಾದರೂ ಇದ್ದರೆ ಅದನ್ನು ಮುಗಿಸಿದ ಮೇಲೆಯೇ ಕಾಯಂ. ಅರ್ಹತೆ ಮನ್ನಾ ಆಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ. ನಾಲ್ಕನೆಯದೇ ನಮ್ಮನ್ನು ತಡೆದು ನಿಲ್ಲಿಸಿದ ಮಾತು: ಜ್ಯೇಷ್ಠತೆಯ ವಿಷಯದಲ್ಲಿ ಅಂಥವನನ್ನು ಆ ವರ್ಷದ ಬಡ್ತಿ ಪಟ್ಟಿಯ ಕಟ್ಟಕಡೆಗೆ ಇಡಬೇಕು.

ಇದನ್ನು ಓದಿದಾಗ ನಮ್ಮ ನೆರೆಯವರ ದನಿ ಕಿವಿಯಲ್ಲಿ ಕೇಳಿದಂತಾಯಿತು. ಶೂರನಿಗೆ ಮೆಟ್ಟಿಲು ಕೊಡಿ, ಆದರೆ ಆ ವರ್ಷ ಪಾಳಿಯಲ್ಲಿ ಬಂದು ಪಟ್ಟಿ ಸೇರಿದವರ ಮುಂದೆ ಅವನನ್ನು ನಿಲ್ಲಿಸಬೇಡಿ ಎಂದು ನಿಯಮ ಬರೆದವರು ಯೋಚಿಸಿದ್ದಾರೆ. ಆ ವರ್ಷದ ಪಟ್ಟಿಗೆ ಇನ್ನೂ ಬಾರದವನು ಹಿಂದೆ ಉಳಿಯುವುದು ಇದರಿಂದಲೂ ತಪ್ಪುವುದಿಲ್ಲ ನಿಜ. ಆದರೆ ನಷ್ಟ ಎಷ್ಟರವರೆಗೆ ಎಂಬ ಲೆಕ್ಕ ಅವನಿಗೆ ಮೊದಲೇ ಗೊತ್ತಿರುತ್ತದೆ: ನೂರಕ್ಕೆ ಐದು, ಅದಕ್ಕಿಂತ ಹೆಚ್ಚಿಲ್ಲ.

ಬೇಲಿ ಇಲ್ಲದ ಕಡೆ

ಬೇಲಿ ಮುರಿದರೆ ಏನಾಗುವುದೆಂಬುದನ್ನೂ ನಮ್ಮ ಕಾಲ ಕಂಡಿದೆ. ಪಂಜಾಬಿನಲ್ಲಿ ಭಯೋತ್ಪಾದನೆಯ ವರ್ಷಗಳಲ್ಲಿ ಮೇಲಿನ ದರ್ಜೆಯ ಪಟ್ಟಿಯನ್ನು ಭುಜಕ್ಕೆ ಹಾಕಿ, ಸಂಬಳ ಮಾತ್ರ ಹಳೆಯ ದರ್ಜೆಯದೇ ಕೊಡುವ ಪದ್ಧತಿ ಬೆಳೆಯಿತು. ‘ಓನ್ ರ‍್ಯಾಂಕ್ ಪೇ’ ಎಂದು ಅದಕ್ಕೆ ಹೆಸರು. ಹೊತ್ತಿಗೆ ಬೇಕಾದ ಧೈರ್ಯವನ್ನು ಅದು ತಂದಿರಬಹುದು. ಶಾಂತಿ ಮರಳಿದ ಮೇಲೆ ಯಾರು ನಿಜವಾಗಿ ಯಾವ ದರ್ಜೆಯವರು ಎಂಬ ಲೆಕ್ಕ ಬಗೆಹರಿಸುವುದೇ ದೊಡ್ಡ ತೊಡಕಾಯಿತು.

ಇದಕ್ಕಿಂತ ಭಾರವಾದ ಅಪಾಯ ಇನ್ನೊಂದು. ಗುಂಡಿನ ಕಾಳಗದಲ್ಲಿ ಆರೋಪಿಯನ್ನು ಕೊಂದವರಿಗೆ ಕೂಡಲೇ ಬಡ್ತಿ ಎಂದಾದರೆ, ಕೊಲ್ಲುವುದೇ ಬಡ್ತಿಯ ದಾರಿಯಾದೀತು ಎಂಬ ಭಯ. ಮುಂಬಯಿಯ ‘ಎನ್‌ಕೌಂಟರ್’ಗಳ ಸಂಬಂಧದಲ್ಲಿ ನಡೆದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2014ರ ಸೆಪ್ಟೆಂಬರಿನಲ್ಲಿ 16 ಮಾರ್ಗಸೂಚಿಗಳನ್ನು ಕೊಟ್ಟಿತು. ಘಟನೆ ನಡೆದ ಕೂಡಲೇ ಸರದಿ ಮೀರಿದ ಬಡ್ತಿಯನ್ನಾಗಲಿ ಶೌರ್ಯ ಬಹುಮಾನವನ್ನಾಗಲಿ ಕೊಡತಕ್ಕದ್ದಲ್ಲ, ಶೌರ್ಯ ನಿಸ್ಸಂದೇಹವಾಗಿ ಸಿದ್ಧವಾದ ಮೇಲೆಯೇ ಕೊಡಬೇಕು ಎಂಬುದು ಅವುಗಳಲ್ಲೊಂದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಇದೇ ಮಾತನ್ನು ಹೇಳಿತ್ತು. ಸಡಿಲಿಕೆಯ ಚರಿತ್ರೆಯಲ್ಲಿ ಇದು ದೊಡ್ಡ ಮೈಲಿಗಲ್ಲೆಂದು ನಾವು ತಿಳಿದಿದ್ದೇವೆ. ಅಲ್ಲಿಯವರೆಗೆ ಪ್ರಶ್ನೆ ಪಾಳಿಯಲ್ಲಿ ನಿಂತ ಪೇದೆಯದಾಗಿತ್ತು. ಇಲ್ಲಿ ಬೀದಿಯಲ್ಲಿ ನಿಂತ ಸಾಮಾನ್ಯ ಮನುಷ್ಯನ ಪ್ರಾಣದ ಪ್ರಶ್ನೆಯಾಯಿತು.

ದೇವರು ಕೊಟ್ಟರೂ

ಹಾಗೆಂದು ವಿನಾಯಿತಿಯೇ ಬೇಡವೆನ್ನುವವರು ನಾವಲ್ಲ. 2004ರ ಅಕ್ಟೋಬರ್ 18ರಂದು ವೀರಪ್ಪನ್‌ನ ಅಧ್ಯಾಯ ಮುಗಿದಾಗ ತಮಿಳುನಾಡು ಸರ್ಕಾರ ತನ್ನ ವಿಶೇಷ ಕಾರ್ಯಪಡೆಯವರಿಗೆ ಒಂದು ಮೆಟ್ಟಿಲ ಬಡ್ತಿಯನ್ನು ಘೋಷಿಸಿತು. ಚಾಮರಾಜನಗರ, ಕೊಳ್ಳೇಗಾಲದ ಕಡೆಯ ನಮ್ಮ ಕುಟುಂಬಗಳಿಗೆ ಆ ಕಾಡಿನ ಭಯ ಏನೆಂಬುದನ್ನು ಹೇಳಬೇಕಾಗಿಲ್ಲ. ಅಲ್ಲಿ ಸಡಿಲಿಕೆ ಒಬ್ಬನಿಗಲ್ಲ, ಒಂದು ಪಡೆಗೇ ಬಂತು. ಹಿಂದೆ ಹೇಳಿದ ‘ವರ್ಗ ಅಥವಾ ಗುಂಪು’ ಎಂಬ ಮಾತಿಗೆ ಅದು ಸರಿಯಾಗಿ ಹೊಂದುತ್ತದೆ.

ಮುಂಬಯಿಯ ಕಥೆ ಬೇರೆ. 2008ರ ನವೆಂಬರ್ 26ರ ರಾತ್ರಿ ಗಿರಗಾಂವ್ ಚೌಪಾಟಿಯಲ್ಲಿ ಅಸಿಸ್ಟೆಂಟ್ ಸಬ್ ಇನ್‌ಸ್ಪೆಕ್ಟರ್ ತುಕಾರಾಮ್ ಓಂಬಳೆ ಅವರು ಗುಂಡುಗಳಿಗೆ ಮೈಯೊಡ್ಡಿ ಕಸಬ್‌ನ ಬಂದೂಕನ್ನು ಹಿಡಿದು ನಿಂತರು, ಪ್ರಾಣ ಬಿಟ್ಟರು. ಮರಣಾನಂತರ ಅವರಿಗೆ ಅಶೋಕ ಚಕ್ರ ಬಂತು. ಕಸಬ್‌ನನ್ನು ಜೀವಂತ ಹಿಡಿದ ತಂಡದ 15 ಮಂದಿ ಪೋಲೀಸರಿಗೆ ಒಂದು ಮೆಟ್ಟಿಲ ಬಡ್ತಿಯ ಆದೇಶವನ್ನು ಮಹಾರಾಷ್ಟ್ರ ಸರ್ಕಾರ ಹೊರಡಿಸಿದ್ದು 2022ರಲ್ಲಿ, 2008ರಿಂದಲೇ ಜಾರಿಗೆ ಬರುವಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಆ ಪೂಜಾರಿಗಳೆಂದರೆ ಬೇರಾರೂ ಅಲ್ಲ, ಕಡತ ಹಿಡಿದು ಕುಳಿತ ನಮ್ಮಂಥವರೇ. ಅರ್ಹನಿಗೆ ತಡವಾಗಿ ಸಿಕ್ಕ ವಿನಾಯಿತಿಯೂ ಒಂದು ಬಗೆಯ ಅನ್ಯಾಯವೇ ಎಂದು ಬರೆಯುವಾಗ ನಮ್ಮ ಕೈ ನಡುಗುತ್ತದೆ.

ಕ್ರೀಡಾಪಟುಗಳ ವಿಷಯವನ್ನೂ ಒಂದು ಮಾತಿನಲ್ಲಿ ಮುಗಿಸೋಣ. ಬಡ್ತಿಯಲ್ಲದಿದ್ದರೂ ನೇಮಕದಲ್ಲಿ 2024ರ ಉದಾಹರಣೆ ಇದೆ. ಕ್ರಿಕೆಟಿಗ ಮೊಹಮ್ಮದ್ ಸಿರಾಜ್ ಅವರನ್ನು ಡೆಪ್ಯುಟಿ ಸೂಪರಿಂಟೆಂಡೆಂಟ್ ಆಗಿ ನೇಮಿಸಲು ತೆಲಂಗಾಣ ಸರ್ಕಾರ ಪದವಿಯ ಅರ್ಹತೆಯನ್ನು ಅವರಿಗಾಗಿ ಸಡಿಲಿಸಿ, ಅದನ್ನು ವಿಧಾನಸಭೆಯಲ್ಲೇ ಬಹಿರಂಗವಾಗಿ ಹೇಳಿತು. ಸರಿಯೋ ತಪ್ಪೋ, ಬೆಳಕಿನಲ್ಲಿ ನಡೆಯಿತು. ಬೆಳಕಿನಲ್ಲಿ ನಡೆದದ್ದನ್ನು ಪ್ರಶ್ನಿಸಬಹುದು.

ಕೊನೆಯ ಮಾತು

ಇಷ್ಟು ಓದಿದ ಮೇಲೆ ನಮಗೆ ತೋರುವುದು ಇದು. ಪೇಟಿಗಾರಾ ಅವರಿಂದ ಇಂದಿನವರೆಗೆ ಒಬ್ಬನಿಗಾಗಿ ನಿಯಮ ಸಡಿಲವಾಗುವುದು ನಿಂತಿಲ್ಲ, ನಿಲ್ಲಲೂ ಬಾರದು. ಬದಲಾದದ್ದು ಅದರ ರೀತಿ. ಮೊದಲು ಅದು ಸಾಹೇಬನ ಕೃಪೆ. ಈಗ ಅದು ‘ಕಾರಣಗಳನ್ನು ಲಿಖಿತವಾಗಿ ದಾಖಲಿಸಿ’ ಕೊಡಬೇಕಾದದ್ದು. ಕಚೇರಿಯ ಒಣ ಭಾಷೆಯ ಆ ಮೂರು ಪದಗಳು ನಮಗೆ ಹಿಂದೆ ಟೈಪು ಮಾಡುವ ಹೊರೆಯಾಗಿದ್ದವು. ಈಗ ಹಾಗಲ್ಲ. ಮೆಟ್ಟಿಲು ಏರಿದವನ ಹೆಸರನ್ನು ಯಾರಾದರೂ ಬರೆಯಬಹುದು. ಏರದೆ ಉಳಿದವನಿಗೆ ಉತ್ತರ ಕೊಡುವುದು ಆ ಕಾರಣವೊಂದೇ.

ಇದನ್ನೆಲ್ಲ ನಮ್ಮ ಕೆಳಗಿನ ಮನೆಯವರಿಗೆ ಒಂದು ಭಾನುವಾರ ಚಹಾ ಕುಡಿಯುತ್ತ ಹೇಳಿದೆವು. ಪಟ್ಟಿಯ ಕಟ್ಟಕಡೆಗೆ ಇಡುವ ದೆಹಲಿಯ ನಿಯಮವನ್ನು ಎರಡು ಸಲ ಹೇಳಿಸಿ ಕೇಳಿದರು. ತಮ್ಮ ಪಡೆಯ ನಿಯಮದಲ್ಲಿ ಏನಿದೆಯೆಂದು ಓದಿ ನೋಡಿ, ಮೇಲಿನವರಿಗೆ ಒಂದು ಅರ್ಜಿ ಬರೆಯಬೇಕೆಂದರು. ಇಂಗ್ಲಿಷಿನಲ್ಲಿ ಬರೆದುಕೊಡುವ ಹೊಣೆ ನಮ್ಮ ಮೇಲೆ ಬಿತ್ತು.

‘ಬಡ್ತಿ ಕೊಡ್ರಿ ಅಂತ ಬರೀಬ್ಯಾಡ್ರಿ ರಾಯರ. ನನ್ನ ಪಾಳಿ ಎಲ್ಲೈತಿ ಅಂತ ಅಷ್ಟ ಕೇಳ್ರಿ’ ಎಂದರು.

ಹಾಗೆಯೇ ಬರೆದುಕೊಟ್ಟಿದ್ದೇವೆ.